ತುಟಿಯ ಒಳಗಿನ ಬಣ್ಣ

ಮಣ್ಣಿಗೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ನಲ್ಲಿಯಲ್ಲಿ ಎಂದಿನಂತೆ ನೀರು ಬಂತು. ಕಸದ ಗಾಡಿ ಬಂದುಹೋಯಿತು. ಮೇಲಿನ ಮನೆಯವರು ಕುರ್ಚಿ ಎಳೆದಾಡಿದರು. ಲೋಕ ಒಂದಿಷ್ಟೂ ಮುಜುಗರಪಡದೆ ತನ್ನ ಪಾಡಿಗೆ ತಾನು ಶುರುವಾದದ್ದನ್ನು ಸೊಸೆ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡಳು. ಅಳು ಬರಲಿಲ್ಲ. ಕಣ್ಣೀರು ಹಾಕದ ಹೆಣ್ಣು ಎಂದು ನೆಂಟರು ಹೊಸ್ತಿಲಲ್ಲೇ ಪಿಸುಗುಟ್ಟಿ ಹೋಗಿದ್ದರು. ಅದೂ ಅವಳಿಗೆ ತಾಗಿರಲಿಲ್ಲ.

ಅತ್ತೆ, ತೀರಿಕೊಂಡ ತಮ್ಮ ಮಗನ ಕೋಣೆಯಲ್ಲಿದ್ದರು. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಅವನ ಮೇಜಿನ ಮುಂದೆ, ಮಡಿಲಲ್ಲಿ ಒಂದು ಕ್ಯಾಮೆರಾ ಇಟ್ಟುಕೊಂಡು ಕೂತಿದ್ದರು. ಟಾರ್ಚಿನಂಥದ್ದು, ತುದಿಗೆ ಸುತ್ತಲೂ ಪುಟ್ಟ ಪುಟ್ಟ ದೀಪಗಳು. ಕೊನೆಯ ದಿನ ಊಟಕ್ಕೆ ಮುಂಚೆ ಅವನು ಅದನ್ನು ಹಿಡಿದು, "ತುಟಿ ಮಡಚಮ್ಮ, ಒಂದು ಫೋಟೋ" ಎಂದು ತಾಯಿಯ ಕೆಳದುಟಿಯ ಒಳಭಾಗದ ಚಿತ್ರ ತೆಗೆದಿದ್ದ. "ಹಲ್ಲಿಲ್ಲದ ಬಾಯಿಗೆ ಎಂಥ ಫೋಟೋನೋ ಪುಟ್ಟ" ಎಂದು ಅವರು ನಕ್ಕಿದ್ದರು. ಊಟ ಮುಗಿಸಿ ಕೈ ತೊಳೆಯಲು ಎದ್ದವನು ಬಚ್ಚಲ ಬಾಗಿಲಲ್ಲೇ ಕುಸಿದಿದ್ದ... ಅವನ ಹೃದಯ ಯಾರಿಗೂ ಮುನ್ಸೂಚನೆ ಕೊಟ್ಟಿರಲಿಲ್ಲ.

ಫೋನ್ ಬಡಿದುಕೊಂಡಿತು. ಆಸ್ಪತ್ರೆಯ ನರ್ಸ್.

"ಕೇಳೋಕೆ ನಾಲಿಗೆ ಏಳ್ತಿಲ್ಲ ಕಣಮ್ಮ. ಅವರು ತಗೊಂಡು ಹೋಗಿದ್ದ ಕ್ಯಾಮೆರಾ... ಹೆಂಗಸರು ಬಂದು ಬಂದು ವಾಪಸ್ ಹೋಗ್ತಿದಾರೆ. ನಿಮ್ಮ ತಪಾಸಣೇನೂ ಬಾಕಿ ಇದೆ, ನೆನಪಿದೆಯಲ್ಲ?"

ನೆನಪಿತ್ತು. ಹಿಂದೊಮ್ಮೆ ನೋಡಿದಾಗ ಅವಳ ಗರ್ಭಕಂಠದ ಮೇಲೆ ಮಸುಕಾದ ಬಿಳಿ ಮಚ್ಚೆಯೊಂದು ಕಂಡಿತ್ತು. "ಇದು ಕ್ಯಾನ್ಸರ್ ಅಲ್ಲ. ಆದರೆ ಹಾಗೇ ಬಿಟ್ಟರೆ ವರ್ಷಗಳ ಮೇಲೆ ಆದರೂ ಆಗಬಹುದು" ಎಂದಿದ್ದರು ಡಾಕ್ಟರಮ್ಮ. ಹಳೆಯ ಯಂತ್ರದಲ್ಲಿ ಮಚ್ಚೆಯ ಅಂಚು ತಿಳಿಯುತ್ತಿರಲಿಲ್ಲ. ಹೊಸ ಕ್ಯಾಮೆರಾದಲ್ಲಿ ನೋಡಿದರೆ ಸರಿಯಾದ ಜಾಗದಿಂದಲೇ ಚೂರು ತೆಗೆದು ಪರೀಕ್ಷಿಸಬಹುದಿತ್ತು. ಆದರೆ ಆ ಹೊಸದು ಎಲ್ಲವನ್ನೂ ಹಳದಿಯಾಗಿ ತೋರಿಸುತ್ತಿತ್ತು; ಆರೋಗ್ಯದ ಕೆಂಪು ಯಾವುದು, ಅನುಮಾನದ ಬಿಳಿ ಯಾವುದು ಎಂದು ಬಿಡಿಸಿ ಹೇಳುವಂತಿರಲಿಲ್ಲ. ಗಂಡ ಅದನ್ನು ಡಾಕ್ಟರಮ್ಮನಿಂದ ಎರವಲು ಪಡೆದು ಮನೆಗೆ ತಂದದ್ದು ಆ ಬಣ್ಣ ಸರಿಪಡಿಸಲೆಂದೇ.

ಅವಳು ಒಳಗೆ ಹೋಗಿ ಕೈ ಚಾಚಿದಳು. "ಅತ್ತೆ, ಅದನ್ನ ಕೊಡಬೇಕಂತೆ."

"ಕೊಡಲ್ಲ." ಅತ್ತೆ ತಲೆ ಎತ್ತಲಿಲ್ಲ. "ಅವನ ಕೈ ಕೊನೆಗೆ ಮುಟ್ಟಿದ್ದು ಇದನ್ನ. ನಿನಗೇನು ತಾಯಿ, ವಯಸ್ಸಿದೆ, ಓದಿದೀಯ. ನಾಳೆ ತವರಿಗೆ ಹೋಗ್ತೀಯ, ಇನ್ನೊಂದು ಮನೆ ಕಟ್ಕೋತೀಯ. ಒಂದು ಮೊಮ್ಮಗು ಇದ್ದಿದ್ರೆ ಅದರ ಮುಖ ನೋಡ್ಕೊಂಡು ಇರ್ತಿದ್ದೆ. ಅದೂ ನಿನ್ನ ಕೈಲಾಗಲಿಲ್ಲ."

ಅವಳು ಹಿಂದಿರುಗಿದಳು. ಎದೆಯೊಳಗೆ ಏನೋ ಹಗುರಾಯಿತು. ಕ್ಯಾಮೆರಾ ಇಲ್ಲೇ ಇರಲಿ. ಮಚ್ಚೆಯೂ ಇರುವಲ್ಲೇ ಇರಲಿ. ಅದು ಬೆಳೆಯುವುದಾದರೆ ನಿಧಾನವಾಗಿ, ಯಾರಿಗೂ ತೊಂದರೆ ಕೊಡದೆ ಬೆಳೆಯಲಿ... ಒಂದು ದಿನ ತಾನೂ ಹೊರಟರೆ ಆಯಿತು. ಗಂಡ ಹೋದಮೇಲೆ ಅವಳಿಗೆ ಸಮಾಧಾನ ಕೊಟ್ಟ ಮೊದಲ ಯೋಚನೆ ಅದು. ಫೋನ್ ಎತ್ತಿಕೊಂಡಳು.

"ಸಿಸ್ಟರ್, ಕ್ಯಾಮೆರಾ ಈಗ ಆಗಲ್ಲ. ನನ್ನ ಹೆಸರು ತೆಗೆದುಬಿಡಿ. ಆ ಮಚ್ಚೆ ನೋಡೋದು ಬೇಡ."

ತಿರುಗಿದರೆ ಬಾಗಿಲಲ್ಲಿ ಅತ್ತೆ.

"ಯಾವ ಮಚ್ಚೆ?"

ಹೇಳಿದಳು. ಬೇರೆ ಯಾರದೋ ವಿಷಯ ಹೇಳುವವಳಂತೆ, ಮೊದಲಿನಿಂದ ಕೊನೆಯವರೆಗೆ. ಅತ್ತೆ ಗೋಡೆ ಹಿಡಿದು ನಿಂತರು.

"ಇದು ಹಲ್ಲು ನೋಡೋ ಕ್ಯಾಮೆರಾ ಅಂದ್ಕೊಂಡಿದ್ದೆ. ಮತ್ತೆ ನನ್ನ ತುಟಿ ಯಾಕೆ ತೆಗೆದ?"

"ಗರ್ಭಕಂಠದ ಬಣ್ಣಕ್ಕೆ ಹತ್ತಿರದ್ದು ತುಟಿ ಒಳಗಿಂದೇ ಅಂತೆ. ಅದು ಇದ್ದ ಹಾಗೇ ಬಂದರೆ ಕ್ಯಾಮೆರಾ ಸರಿಯಾಯ್ತು ಅಂತ. ನಿಮ್ಮದು ಹಾಗೇ ಬಂತು."

"ನಿನ್ನ ತುಟಿ ಇರಲಿಲ್ವಾ?"

"ನನ್ನದೇ ಮೊದಲು ನೋಡಿದ್ರು. 'ಹೆದರಿ ಹೆದರಿ ನಿನ್ನ ತುಟೀಲಿ ರಕ್ತಾನೇ ಇಲ್ಲ ಕಣೇ, ಅಮ್ಮಂದು ಜಗಳ ಆಡಿ ಆಡಿ ಕೆಂಪಗಿದೆ' ಅಂದ್ರು."

ಅತ್ತೆಯ ಮುಖ ನಗಲು ಹೋಗಿ ಒಡೆದುಹೋಯಿತು. ನೆಲಕ್ಕೆ ಕೂತು, ಮಗ ಹೋದ ದಿನವೂ ಹಾಗೆ ಅತ್ತಿರದವರು ಬಿಕ್ಕಿ ಬಿಕ್ಕಿ ಅತ್ತರು... ಸೊಸೆ ಪಕ್ಕದಲ್ಲಿ ಕೂತಳು. ಮುಟ್ಟಲು ಗೊತ್ತಾಗಲಿಲ್ಲ.

"ನನಗ್ಯಾಕೆ ಹೇಳಲಿಲ್ಲ ನೀನು?"

"ನಿಮ್ಮೆದುರು ಗರ್ಭದ ಮಾತು ಎತ್ತೋಕೆ ಭಯ ಅತ್ತೆ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಎದ್ದು, ಕ್ಯಾಮೆರಾವನ್ನು ಮೆತ್ತನೆಯ ಟವೆಲ್‌ನಲ್ಲಿ ಸುತ್ತಿ ಚೀಲಕ್ಕೆ ಹಾಕಿದರು.

"ಹೋಗು. ಅವನು ನಿನಗೋಸ್ಕರ ಮಾಡಿದ ಕೆಲಸ ಅರ್ಧಕ್ಕೆ ನಿಲ್ಲೋದು ಬೇಡ." ಧ್ವನಿ ಗಡುಸಾಗಿಸಿಕೊಳ್ಳಲು ನೋಡಿದರು. "ನಾನು ಬರಲ್ಲ. ಅದು ಇನ್ನೊಬ್ಬರ ಕೈಗೆ ಹೋಗೋದನ್ನ ನೋಡೋ ಶಕ್ತಿ ನನಗಿಲ್ಲ."

ಬಸ್ಸಿನಲ್ಲಿ ಅವಳು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಪಕ್ಕದ ಸೀಟು ಖಾಲಿಯಿತ್ತು. ಜನ ಹತ್ತಿದರು, ಇಳಿದರು. ಯಾರೂ ಅಲ್ಲಿ ಕೂರಲಿಲ್ಲ.

ತಪಾಸಣೆಯ ಕೋಣೆಯ ಹೊರಗೆ ಬೆಂಚಿನ ಮೇಲಿದ್ದ ಹೆಂಗಸರು ಅವಳ ಚೀಲವನ್ನೇ ನೋಡಿದರು. ನರ್ಸ್ ಎದ್ದು ಬಂದು ಎರಡೂ ಕೈ ಚಾಚಿದಳು. ಸೊಸೆಯ ಬೆರಳುಗಳು ಚೀಲ ಬಿಡಲಿಲ್ಲ. ನರ್ಸ್ ಅವಸರ ಮಾಡಲಿಲ್ಲ.

"ಬಣ್ಣ ಸರಿ ಮಾಡಿದ್ದಾರೆ ಸಿಸ್ಟರ್. ನನ್ನ ಹೆಸರು ಮತ್ತೆ ಸೇರಿಸ್ತೀರಾ?"

"ಸೇರಿಸ್ತೀನಿ ಬಾಮ್ಮ. ಜೊತೆಗೆ ಯಾರು ಬಂದಿದ್ದಾರೆ?"

ಎಲ್ಲರನ್ನೂ ಕೇಳುವ ಪ್ರಶ್ನೆಯೇ ಅದು. ಅವಳು ಅಭ್ಯಾಸದಂತೆ ಹಿಂತಿರುಗಿ ನೋಡಿದಳು. ಕಾರಿಡಾರು ಉದ್ದಕ್ಕೆ ಖಾಲಿ ಬಿದ್ದಿತ್ತು.

"ಯಾರೂ ಇಲ್ಲ" ಎಂದಳು. ಆ ಮಾತು ಅವಳ ಬಾಯಿಂದ ಹೊರಬಂದದ್ದು ಅದೇ ಮೊದಲು. ಆಮೇಲೆ ಒಂದೊಂದೇ ಬೆರಳು ಸಡಿಲಿಸಿ, ಅವನು ಎರವಲು ತಂದಿದ್ದನ್ನು ನರ್ಸ್ ಕೈಗೆ ಕೊಟ್ಟಳು.