ಮಣ್ಣಿನವಳು, ನೀರಿನವನು

ತನ್ನ ಮಣ್ಣನ್ನೆಲ್ಲ ತಂಗಿಯ ಗಂಡ ಪುರಸಭೆಯ ಕಸದ ಲಾರಿಗೆ ಸುರಿಸಿದ ದಿನವೇ ಸಿಂದಿಸ್ವಾ ಅವನನ್ನು ಮುಗಿಸಲು ತೀರ್ಮಾನಿಸಿದಳು. ಜೀವಕ್ಕೇನೂ ಆಗಬಾರದು. ಅವನು ಬದುಕಿದ್ದು, ನಾಲ್ಕು ಜನರೆದುರು ತಲೆತಗ್ಗಿಸಿ ನಿಲ್ಲಬೇಕು.

ದಕ್ಷಿಣ ಆಫ್ರಿಕಾದ ಉಮ್ಟಾಟಾ ಪಟ್ಟಣದ ಹಳೆಯ ಬೇಕರಿ ಕಟ್ಟಡದಲ್ಲಿ ಇಬ್ಬರೂ ಸೇರಿ ಪರವಾನಗಿ ಪಡೆದು ಗಾಂಜಾ ಬೆಳೆಯುತ್ತಿದ್ದರು. ಬೀಜ ಸಿಂದಿಸ್ವಾಳದು. ಲುಸಿಕಿಸಿಕಿಯ ಕಣಿವೆಯಲ್ಲಿ ಅವಳ ತಾಯಿ, ಬೆಳೆಗೆ ವಿಷ ಸಿಂಪಡಿಸುವ ಪೊಲೀಸರ ಹೆಲಿಕಾಪ್ಟರಿಗೆ ಹೆದರಿ, ಜೋಳದ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟು ಉಳಿಸಿದ ತಳಿ. ಒಂದು ಕೋಣೆಯಲ್ಲಿ ಅವಳು ಕುಂಡಗಳಲ್ಲಿ ಬೆಳೆದಳು. ಇನ್ನೊಂದರಲ್ಲಿ, ಕೃಷಿ ಕಾಲೇಜಿನಲ್ಲಿ ಓದಿದ ತಂಗಿಯ ಗಂಡ ಲುಬಬಾಲೊ ಮಣ್ಣಿನ ಗೊಡವೆಯೇ ಇಲ್ಲದೆ, ಗೊಬ್ಬರ ಕರಗಿಸಿದ ನೀರನ್ನು ಕೊಳವೆಗಳಲ್ಲಿ ಹರಿಸಿ ಬೆಳೆದ. ಅದೇ ಬೀಜ, ಅದೇ ದೀಪ. ಅವನ ಗಿಡ ಎರಡು ವಾರ ಮೊದಲೇ ಕೊಯ್ಲಿಗೆ ಬಂತು, ತೂಕವೂ ಹೆಚ್ಚು. ಅವಳದು ನಿಧಾನ, ಆದರೆ ಹೂವನ್ನು ಬೆರಳಲ್ಲಿ ಹೊಸಕಿದರೆ ಕೋಣೆಯೆಲ್ಲ ಘಮ್ಮೆನ್ನುತ್ತಿತ್ತು. ಕೊಳ್ಳಲು ಬಂದ ಔಷಧಿ ಕಂಪನಿಯವರು ಘಮ ಕೇಳಲಿಲ್ಲ, ತೂಕ ಕೇಳಿದರು.

"ಬೇಜಾರು ಮಾಡ್ಕೋಬೇಡಿ ಅಕ್ಕಾ," ಎಂದ ಲುಬಬಾಲೊ, ಅವರ ಎದುರಿಗೇ. "ಮಣ್ಣು ಅಂದ್ರೆ ಬೂಷ್ಟು, ಗಲೀಜು. ನೀವು ಮನೇಲಿ ಕುಂಬಳಕಾಯಿ ಬೆಳ್ಕೊಳ್ಳಿ."

ಎಲ್ಲರೂ ನಕ್ಕರು. ತಂಗಿ ನೊಖಾನ್ಯೊ ಕೂಡ. ಮಾರನೆಯ ದಿನ ಲಾರಿ ಬಂತು. ಬಾಗಿಲ ಮೇಲಿನ ಫಲಕದಲ್ಲಿ ತಾಯಿಯ ತಳಿಗೆ ಲುಬಬಾಲೊನ ಹೆಸರು ಬಂತು. ಸಿಂದಿಸ್ವಾ ಗಿಡ ಸಮೇತ ನಾಲ್ಕು ಕುಂಡಗಳನ್ನು ಮಾತ್ರ ಮನೆಗೆ ಸಾಗಿಸಿಕೊಂಡಳು.

ಎರಡು ವರ್ಷ ಪಕ್ಕದ ಕೋಣೆಯಲ್ಲಿದ್ದವಳಿಗೆ ನೀರಿನ ಗುಟ್ಟು ಗೊತ್ತಿತ್ತು. ಮಣ್ಣಿಗೆ ತಾಳ್ಮೆ ಇದೆ. ನಾಲ್ಕು ದಿನ ಮರೆತರೂ ಗಿಡವನ್ನು ಕಾಯುತ್ತದೆ. ನೀರಿನ ಗಿಡಕ್ಕೆ ಪಂಪೇ ಉಸಿರು. ಈ ಸೆಕೆಯಲ್ಲಿ ಹರಿವು ಅರ್ಧ ದಿನ ನಿಂತರೆ ಬೇರು ಒಣಗಿ ಎಲ್ಲವೂ ಜೋತುಬೀಳುತ್ತವೆ. ಪಂಪು ತಿರುಗುವುದು ನಿಂತರೆ ಅವನ ಫೋನು ಕೂಗಿಕೊಳ್ಳುತ್ತದೆ, ನಿಜ. ಆದರೆ ಪಂಪು ತಿರುಗುತ್ತಲೇ ಇದ್ದು, ಅದರ ಬಾಯಿ ಕಟ್ಟಿಕೊಂಡರೆ? ಗಿಡದ್ದೇ ಬೇರು ಕಳಚಿ ಸಿಕ್ಕಿಕೊಂಡರೆ? ಅದನ್ನು ಯಾರೂ ಅಪರಾಧ ಎನ್ನುವುದಿಲ್ಲ.

ಅವನ ಗಿಡದ ಬೇರನ್ನು ಕೀಳುವಂತಿರಲಿಲ್ಲ. ಒಂದೊಂದರ ಫೋಟೋ ತೆಗೆದಿಡುವ ಮನುಷ್ಯ. ಮನೆಯ ಗಿಡವೊಂದನ್ನು ಬುಡಮೇಲು ಮಾಡಿ, ಎಳೆಯ ಬಿಳಿ ಬೇರುಗಳನ್ನೇ ಆರಿಸಿ, ಏಳು ನೀರಿನಲ್ಲಿ ತೊಳೆದು, ಸಿಂಬಿ ಸುತ್ತಿ, ಒದ್ದೆ ಬಟ್ಟೆಯಲ್ಲಿ ಕಟ್ಟಿದಳು.

ಭಾನುವಾರ ಹತ್ತರಿಂದ ಹನ್ನೆರಡೂವರೆ ಕರೆಂಟು ಇರುವುದಿಲ್ಲ. ಪಂಪಿಗೆ ಮಾತ್ರ ಬ್ಯಾಟರಿ ಇದೆ, ಕ್ಯಾಮೆರಾ ಕುರುಡು. ತಾಯಂದಿರ ಸಂಘದ ಕೆಂಪು ರವಿಕೆ, ಬಿಳಿ ಟೋಪಿ ತೊಟ್ಟು ಬೇಕರಿಯ ಪಕ್ಕದ ಚರ್ಚಿನೊಳಗೆ ಮುಂದಿನ ಬೆಂಚಿನಲ್ಲಿ ಕುಳಿತಳು. ಎಲ್ಲರೂ ಎದ್ದು ಕುಣಿದು ಹಾಡುವಾಗ ಹೊರಬಿದ್ದಳು. ಅವಳ ಹತ್ತಿರವಿದ್ದ ಬೀಗದ ಕೈಯನ್ನು ಯಾರೂ ವಾಪಸು ಕೇಳಿರಲಿಲ್ಲ. ಹೊಸ್ತಿಲಲ್ಲಿ ಬೂಟು ಬಿಟ್ಟಳು, ಕೈಗವಸು ತೊಟ್ಟಳು, ಸಿಂಬಿಯನ್ನು ಪಂಪಿನ ಬಾಯಿಗೆ ತುರುಕಿದಳು. ಹಾಡು ಮುಗಿಯುವ ಮುನ್ನ ಬೆಂಚಿಗೆ ಮರಳಿದ್ದಳು.

ಸೋಮವಾರ ಬೆಳಿಗ್ಗೆ ಫೋನು ಬಂತು. ಸಿಂದಿಸ್ವಾ ಬೇಕರಿಗೆ ಹೋದಳು. ಅರವತ್ತು ಗಿಡಗಳೂ ಹಸಿ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಲುಬಬಾಲೊ ಬಕೆಟ್ಟು ಬೋರಲು ಹಾಕಿ ಕುಳಿತಿದ್ದ.

"ಬೇರು ಸಿಕ್ಕಿಕೊಂಡಿದೆ ಅಕ್ಕಾ. ತಪ್ಪು ನನ್ನದೇ, ಜಾಲರಿ ಹಾಕಿರಲಿಲ್ಲ. ನಾಳೆ ಕಂಪನಿಯವರು ಬರ್ತಾರೆ. ನಿಮ್ಮ ಮನೆ ಗಿಡಗಳನ್ನ ತೋರಿಸ್ತೀರಾ?"

"ನಮ್ಮನೇಲಿ ಕುಂಬಳಕಾಯಿ ಬೆಳ್ದಿದೀನಲ್ಲಪ್ಪ."

"ಕಾಲಿಗೆ ಬೀಳ್ತೀನಿ."

"ಫಲಕದಲ್ಲಿ ಅಮ್ಮನ ಹೆಸರು ಬರೆಸು. ಆಮೇಲೆ ನೋಡೋಣ." ಅವಳ ಎದೆ ಹಗುರಾಯಿತು. ತಿಂಗಳುಗಳ ನಂತರ ಮೊದಲ ಸಲ ಹಸಿವೆನಿಸಿತು.

ಅಷ್ಟರಲ್ಲಿ ನೊಖಾನ್ಯೊ ಪಂಪಿನ ಬಾಯಿಂದ ಸಿಂಬಿಯನ್ನು ಎಳೆದು ನೀರು ತುಂಬಿದ ಬಿಳಿ ಬಟ್ಟಲಿಗೆ ಹಾಕಿದಳು, ಎಷ್ಟು ಗಿಡದ ಬೇರು ಕಳಚಿದೆ ನೋಡೋಣವೆಂದು. ಬೇರು ಮೆಲ್ಲಗೆ ಬಿಚ್ಚಿಕೊಂಡಿತು. ಒಳಗಿಂದ ದಾರದಷ್ಟು ಸಣ್ಣ, ಕೆಂಪನೆಯ ಎರೆಹುಳುವೊಂದು ಮೈ ಚಾಚಿ ಬಟ್ಟಲಿನ ಅಂಚು ಹುಡುಕತೊಡಗಿತು. ಲುಬಬಾಲೊ ಬಕೆಟ್ಟಿನಿಂದ ಎದ್ದ. ನೊಖಾನ್ಯೊ ಹುಳವನ್ನು ನೋಡಿದಳು, ಆಮೇಲೆ ಸಿಂದಿಸ್ವಾಳನ್ನು. "ಅಕ್ಕಾ," ಎಂದಳು, "ಇದು ಮಣ್ಣಲ್ಲಿ ಬದುಕೋ ಜೀವ."