ದಪ್ಪ ಗಾಜಿನ ಕನ್ನಡಕ

ಕೇಳು ಮೊಮ್ಮಗನೇ, ಆ ಹುಡುಗಿಗೆ ಫೋನ್ ಮಾಡುವುದು ಬಿಟ್ಟು ಮೂರು ದಿನದಿಂದ ಮೆಸೇಜ್ ಟೈಪ್ ಮಾಡಿ ಅಳಿಸುತ್ತಿದ್ದೀಯಂತೆ. ನಿನ್ನ ಉಗ್ಗು ನಾನು ಕೊಟ್ಟ ಆಸ್ತಿ. ಹಾಗಾಗಿ ಬಾಯಿ ಮುಚ್ಚಿಕೊಂಡು ಕೇಳಿಸಿಕೋ.

ಆಗ ನಾನು ಅಂಗಡಿಗಳ ಬೋರ್ಡ್ ಬರೆಯುತ್ತಿದ್ದೆ. ಆಳೆತ್ತರದ ಅಕ್ಷರ ಬರೆಯುವವನಿಗೆ ಒಂದು ಅಕ್ಷರ ಬಾಯಿಬಿಟ್ಟು ಹೇಳಲು ಆಗುತ್ತಿರಲಿಲ್ಲ. ತಲೆನೋವೆಂದು ಕನ್ನಡಕದ ಅಂಗಡಿಗೆ ಹೋದೆ. ಕಣ್ಣು ಪರೀಕ್ಷೆ ಮಾಡುವವಳು ನಿನ್ನ ಅಜ್ಜಿ. ಆಗಿನ್ನೂ ಅಜ್ಜಿ ಅಲ್ಲ ಬಿಡು. ಉದ್ದ ಜಡೆ, ಬಿಳಿ ಕೋಟು. ನನ್ನ ಮೂಗಿನ ಮೇಲೆ ಫ್ರೇಮ್ ಕೂರಿಸುವಾಗ ಅವಳ ಬೆರಳು ಕಿವಿಗೆ ತಾಗಿತು. ಅಷ್ಟೇ, ಬಾಯಿಗೆ ಬೀಗ.

"ಮೊದಲನೇ ಸಾಲು ಓದಿ."

"ಪ... ಪ... ಪ..."

"ಕಾಣಿಸ್ತಿಲ್ವಾ? ಸರಿ, ಈಗ?"

ಒಂದರ ಮೇಲೊಂದು ಗಾಜು ಹಾಕಿದಳು. ಉಗ್ಗು ಅಂತ ಒಪ್ಪಿಕೊಳ್ಳುವ ಬದಲು ಕಣ್ಣೇ ಕಾಣದು ಅಂತ ಒಪ್ಪಿಕೊಂಡೆ. ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡು ಬೇಕರಿಯ ಬೋರ್ಡ್ ಬರೆದೆ. ಅಕ್ಷರಗಳೆಲ್ಲ ಬೆಟ್ಟ ಹತ್ತಿದವು.

"ಏನಯ್ಯಾ, ಕುಡ್ಕೊಂಡು ಏಣಿ ಹತ್ತಿದ್ಯಾ?" ಎಂದ ಬೇಕರಿಯವನು.

ವಾಪಸ್ ಹೋದೆ. ಸತ್ಯ ಹೇಳಲು ಐದು ನಿಮಿಷ ಹಿಡಿಯಿತು. ಮಿಕ್ಕವರೆಲ್ಲ ನನ್ನ ಮಾತನ್ನು ಅರ್ಧಕ್ಕೆ ಕಿತ್ತುಕೊಂಡು ತಾವೇ ಮುಗಿಸುತ್ತಿದ್ದರು. ಇವಳು ಗಾಜು ಒರೆಸುತ್ತಾ ಕಾದಳು. ಆಮೇಲೆ ನಕ್ಕಳು ನೋಡು, ಕಣ್ಣಲ್ಲಿ ನೀರು ಬರುವಷ್ಟು.

"ನಿಮ್ಮ ಕಣ್ಣು ನನ್ನದಕ್ಕಿಂತ ಚೆನ್ನಾಗಿದೆ ಕಣ್ರೀ."

ತಪ್ಪಿಗೆ ಪರಿಹಾರವೆಂದು ತಮ್ಮ ಅಂಗಡಿಯ ಬೋರ್ಡ್ ಬರೆಯಲು ಕೊಟ್ಟಳು. ಕೆಳಗೆ ಏಣಿ ಹಿಡಿದು ನಿಲ್ಲುತ್ತಿದ್ದಳು.

"ಗೆರೆ ಎಳೆಯೋವಾಗ ಉಸಿರು ನಿಧಾನಕ್ಕೆ ಬಿಡ್ತೀರ. ಮಾತಾಡೋವಾಗ ಮಾತ್ರ ಯಾಕೆ ಹಿಡ್ಕೊಳ್ತೀರ?"

ಅದು ನನಗೇ ಗೊತ್ತಿರಲಿಲ್ಲ. ಅಂದಿನಿಂದ ದಿನಾ ಸಂಜೆ ಅಂಗಡಿಯ ಬೆಂಚಿನ ಮೇಲೆ ಹತ್ತು ನಿಮಿಷ ಇಬ್ಬರೂ ಸುಮ್ಮನೆ ಕೂರುತ್ತಿದ್ದೆವು. ಪಾದ ನೆಲದ ಮೇಲಿದೆಯೇ, ಉಸಿರು ಎಲ್ಲಿದೆ, ಅಷ್ಟೇ ನೋಡುವುದು.

"ಹೆ... ಹೆದರಿಕೆ ಬಂದ್ರೆ?"

"ಬರ್ಲಿ. ಬರೀ ರೇಟ್ ಕೇಳೋಕೆ ಬರೋ ಗಿರಾಕಿ ಅದು. ಉಪಚಾರ ಮಾಡ್ಬೇಡಿ, ತಾನೇ ಹೋಗುತ್ತೆ."

ಉಗ್ಗು ಹೋಗಲಿಲ್ಲ. ಅದರ ಜೊತೆಗಿನ ಜಗಳ ಹೋಯಿತು.

ಅಷ್ಟರಲ್ಲಿ ಅವಳಿಗೆ ದೂರದ ಊರಿನ ಕಣ್ಣಾಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಬಸ್ ಸ್ಟಾಪಿಗೆ ಹಲಗೆ ಹೊತ್ತುಕೊಂಡು ಓಡಿದೆ. ಹೇಳಲಾಗದ್ದನ್ನು ಕೆಂಪು ಬಣ್ಣದಲ್ಲಿ ಬರೆದಿದ್ದೆ. ಅವಳು ಓದಲೇ ಇಲ್ಲ. ತಿರುಗಿಸಿ ಗೋಡೆಗೆ ಒರಗಿಸಿದಳು.

"ಬೋರ್ಡ್ ಊರಿಗೆಲ್ಲ ಬರೀತೀರ. ನಂಗೆ ಬಾಯಲ್ಲಿ ಹೇಳಿ."

ಪಾದ ನೆಲದ ಮೇಲಿತ್ತು. ಉಸಿರನ್ನು ಹುಡುಕಿದೆ.

"ನಿ... ನಿಮ್ಮನ್ನ... ಬಿ... ಬಿ..."

ಬಸ್ ಬಂತು. ಕಂಡಕ್ಟರ್ ಸೀಟಿ ಊದಿದ. ಅವಳು ತುಟಿ ಅಲ್ಲಾಡಿಸಲಿಲ್ಲ, ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ಬಸ್ ಹೋಯಿತು.

"ಬಿಟ್ಟಿರೋಕೆ ಆಗಲ್ಲ."

"ಮುಗೀತಾ?"

"ಮು... ಮುಗೀತು."

"ಹಾಗಾದ್ರೆ ನನ್ನ ಟ್ರಂಕ್ ಎತ್ಕೊಳ್ಳಿ. ಮುಂದಿನ ಬಸ್ಸಿಗೆ ಎರಡು ಟಿಕೆಟ್. ಆ ಊರಲ್ಲೂ ಅಂಗಡಿಗಳಿವೆ, ಬೋರ್ಡ್ ಬೇಕಾಗುತ್ತೆ."

ಅದಕ್ಕೇ ಹೇಳಿದ್ದು, ಮೊದಲು ಫೋನ್ ಮಾಡು. ಕಾಯುವವಳೋ ಅಲ್ಲವೋ, ನಿನ್ನ ಮೊದಲ ಅಕ್ಷರದಲ್ಲೇ ಗೊತ್ತಾಗುತ್ತದೆ. ನಿನ್ನಜ್ಜಿಯನ್ನು ಕರೆಯುವಾಗ ನಾನು ಈಗಲೂ ಅಲ್ಲೇ ಸಿಕ್ಕಿಕೊಳ್ಳುತ್ತೇನೆ. ಒಳಗೆ ಅವಳಿಗೆ ಕೇಳಿಸಿರುತ್ತದೆ. ಆದರೂ ಪೂರ್ತಿ ಕರೆಯುವ ತನಕ ಓ ಅನ್ನುವುದಿಲ್ಲ.