ಶೀತಕೇತುವಿನ ತೋಳ ಮತ್ತು ಬಳ್ಳಿ ಹೊಲಿಗೆಯ ಕೌದಿ

ಬಹಳ ಹಿಂದೆ, ಮಾಂತ್ರಿಕರು ಗುಡ್ಡದ ಗವಿಗಳಲ್ಲಿ ಮನೆಮಾಡಿಕೊಂಡಿದ್ದ ಕಾಲದಲ್ಲಿ, ಎಳ್ಳುಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಚಳಿ ವಿಪರೀತ. ಕೌದಿಯಿಲ್ಲದೆ ಯಾರೂ ಬದುಕುವಂತಿರಲಿಲ್ಲ. ಅದಕ್ಕೇ ಆ ರಾಜ್ಯದ ಮನೆಮನೆಯಲ್ಲೂ ಒಂದೊಂದು ಹೊಲಿಗೆ ಯಂತ್ರವಿತ್ತು.

ಅಲ್ಲಿನ ಒಂದು ಊರಲ್ಲಿ ಸಾತವ್ವ, ಕೆಂಚಿ ಎಂಬ ಅಕ್ಕತಂಗಿಯರಿದ್ದರು. ತಂದೆತಾಯಿ ತೀರಿಕೊಂಡ ಮೇಲೆ ಸಾತವ್ವನೇ ತಂಗಿಯನ್ನು ಸಾಕಿದ್ದಳು. ಸಾತವ್ವ ಹೊಲಿದ ಕೌದಿಯ ಸಾಲುಗಳು ನೇಗಿಲ ಗೆರೆಯ ಹಾಗೆ ನೆಟ್ಟಗಿರುತ್ತಿದ್ದವು. ಸ್ವತಃ ರಾಣಿಯೇ ಅವಳ ಕೌದಿ ಹೊದೆಯುತ್ತಿದ್ದಳು. ಕೆಂಚಿಯ ಕೈ ಬೇರೆ. ಅವಳು ಸೂಜಿಯ ಕೆಳಗೆ ಬಟ್ಟೆಯನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ, ಹಾಗಲ ಬಳ್ಳಿಯ ಹಾಗೆ ದಾರ ಹರಿಸುತ್ತಿದ್ದಳು.

ಒಂದು ದಿನ ಅಂಥದೊಂದು ಕೌದಿ ಮುಗಿಸಿ ಅಕ್ಕನ ಮುಂದೆ ಹಾಸಿದಳು.

“ಹೇಗಿದೆ ಅಕ್ಕಾ?”

“ಕೋಳಿ ಕೆದರಿದ ಹಾಗಿದೆ! ನಾಲ್ಕು ಜನ ನೋಡಿದರೆ ನನ್ನ ಹೆಸರು ಏನಾಗಬೇಕು?” ಎಂದ ಸಾತವ್ವ ಕತ್ತರಿ ತೆಗೆದುಕೊಂಡು, ತಂಗಿಯ ಕಣ್ಣೆದುರೇ ಅಷ್ಟೂ ಹೊಲಿಗೆ ಬಿಚ್ಚಿಹಾಕಿದಳು.

ಕೆಂಚಿ ಬಿಚ್ಚಿದ ದಾರವನ್ನು ಬದಿಗೆ ಸರಿಸಿದಳು. ಎದ್ದು ಗುಡ್ಡದ ಕಡೆ ನಡೆದುಬಿಟ್ಟಳು.

ಆ ಗುಡ್ಡದ ಗವಿಯಲ್ಲಿ ಶೀತಕೇತು ಎಂಬ ಮಾಂತ್ರಿಕನಿದ್ದ. ಅವನು ಉಸಿರು ಊದಿದರೆ ಸಾಕು, ಮನುಷ್ಯರು ಮಂಜುಗಡ್ಡೆಯಾಗಿ ಮಲಗಿಬಿಡುತ್ತಿದ್ದರು. ಊರಿನ ಎಷ್ಟೋ ಜನ ಹಾಗೆ ಮಲಗಿದ್ದರು. ಯಾವ ಕೌದಿ ಹೊದಿಸಿದರೂ ಅವರ ಮೈ ಬೆಚ್ಚಗಾಗುತ್ತಿರಲಿಲ್ಲ. ಅಂದು ಅವನ ಉಸಿರು ಕೆಂಚಿಗೂ ತಾಗಿತು. ಕುರುಬರು ಹೊತ್ತು ತಂದಾಗ ಅವಳಿಗೆ ಎಚ್ಚರವಿರಲಿಲ್ಲ. ಮೊಣಕಾಲಿನವರೆಗೆ ಮಂಜುಗಟ್ಟಿತ್ತು.

ಸಾತವ್ವ ಗವಿಗೆ ಓಡಿದಳು. “ಸ್ವಾಮಿ, ನನ್ನ ತಂಗಿಯನ್ನು ಬಿಟ್ಟುಬಿಡಿ” ಎಂದು ಕಾಲಿಗೆ ಬಿದ್ದಳು.

ಶೀತಕೇತು ನಕ್ಕ. “ನನ್ನ ಶೀತಕ್ಕೆ ನೆಟ್ಟಗೆ ನಡೆಯುವುದು ಮಾತ್ರ ಗೊತ್ತು. ನಿಮ್ಮ ಕೌದಿಯ ನೇರ ಸಾಲುಗಳೇ ಅದಕ್ಕೆ ರಸ್ತೆ. ಅದು ದಾರಿ ತಪ್ಪುವಂಥ ಕೌದಿ ಹೊಲಿದು ಹೊದಿಸು, ತಂಗಿ ಏಳುತ್ತಾಳೆ. ಆ ಶೀತವೇ ನನ್ನ ತೋಳವಾಗಿ ಮೂರು ಸಲ ಬಂದು ನೋಡುತ್ತದೆ. ನೀನು ಸೋತ ಹಾಗೆಲ್ಲ ಶೀತ ಅವಳ ಮೈಯಲ್ಲಿ ಮೇಲೇರುತ್ತದೆ.”

“ಈ ಗುಟ್ಟನ್ನು ನನಗೇಕೆ ಹೇಳಿದಿರಿ?”

“ಹೇಳಿದರೆ ನನಗೇನು ನಷ್ಟ? ಅಂಥ ಕೌದಿ ಹೊಲಿಯಬಲ್ಲವಳು ಮಂಜಾಗಿ ಮಲಗಿದ್ದಾಳಲ್ಲ!”

ಸಾತವ್ವನಿಗೆ ಆಗ ಅರ್ಥವಾಯಿತು. ಬೇಕಾಗಿದ್ದ ಕೌದಿಯನ್ನು ತಾನೇ ಬಿಚ್ಚಿಹಾಕಿದ್ದಳು.

ಮನೆಗೆ ಬಂದವಳೇ ಹೊಸ ಕೌದಿ ಹೂಡಿದಳು. ಬಟ್ಟೆಯನ್ನು ಎಷ್ಟು ತಿರುಗಿಸಿದರೂ ಯಂತ್ರ ಕೇಳಲಿಲ್ಲ. ಸೂಜಿಯ ಕೆಳಗಿನ ಹಲ್ಲುಗಳು ಅದನ್ನು ಕಚ್ಚಿ ನೆಟ್ಟಗೆ ಎಳೆದೊಯ್ದವು. ಅದನ್ನೇ ಮುಗಿಸಿ ಕೆಂಚಿಗೆ ಹೊದಿಸಿದೊಡನೆ ಬಿಳಿಯ ತೋಳ ಬಂತು. ಮೂಗನ್ನು ಹೊಲಿಗೆಗೆ ತಾಗಿಸಿ, ಸಾಲು ಹಿಡಿದು ಸರಾಗವಾಗಿ ನಡೆದು ಕೆಂಚಿಯನ್ನು ಮುಟ್ಟಿತು. ಶೀತ ಸೊಂಟಕ್ಕೇರಿತು.

ಸಾತವ್ವ ತಂಗಿ ಹೊಲಿಯುತ್ತಿದ್ದ ರೀತಿಯನ್ನು ನೆನೆದಳು. ಹೊಲಿಗೆಗೆ ಕೂರುವ ಮೊದಲು ಕೆಂಚಿ ಆ ಹಲ್ಲುಗಳ ಮೇಲೆ ತೂತಿನ ತೆಳು ತಗಡೊಂದನ್ನು ಮುಚ್ಚುತ್ತಿದ್ದಳು. ‘ಇದೆಂಥ ಮಕ್ಕಳಾಟ’ ಎಂದು ತಾನು ಗದರಿದ್ದಳು. ಈಗ ತಾನೇ ತಗಡು ಮುಚ್ಚಿದಳು. ಬಟ್ಟೆ ಹಗುರಾಗಿ ಕೈ ಹೋದತ್ತ ಬಂತು! ಆದರೆ ಕೌದಿ ದೊಡ್ಡದು. ಮೇಜಿನಿಂದ ಜೋತುಬಿದ್ದ ಭಾರ ಬಟ್ಟೆಯನ್ನು ಜಗ್ಗಿತು, ಬಳ್ಳಿ ಅಲ್ಲಲ್ಲಿ ಸೆಟೆದು ಗೆರೆಯಾಯಿತು. ತೋಳಕ್ಕೆ ಅಷ್ಟೇ ಸಾಕಾಯಿತು. ಶೀತ ಕುತ್ತಿಗೆಗೇರಿತು.

“ಅಯ್ಯೋ ಕೆಂಚಿ, ನೀನು ಯಂತ್ರದ ಪಕ್ಕಕ್ಕೆ ಮಂಚ ಎಳೆದುಕೊಳ್ಳುತ್ತಿದ್ದದ್ದು ಇದಕ್ಕೇನೇ!” ಎಂದು ಸಾತವ್ವ ಅತ್ತಳು. “ದಾರಿಗೆ ಅಡ್ಡ ಅಂತ ದಿನವೂ ಬೈದೆನಲ್ಲ!”

ಮಂಚ ಎಳೆದು ಕೌದಿಯ ಭಾರವನ್ನೆಲ್ಲ ಅದರ ಮೇಲೆ ಹರಡಿದಳು. ಹಿಡಿತ ಜಾರದಿರಲಿ ಎಂದು ಅಂಗೈಗೆ ಜೇನುಮೇಣ ಸವರಿಕೊಂಡಳು. ಆದರೂ ಭಯಕ್ಕೆ ಯಂತ್ರ ತುಳಿಯುವ ಕಾಲು ಓಡಿತು, ಕೈ ಹಿಂದೆ ಉಳಿಯಿತು, ದಾರ ಪಟಪಟ ಹರಿಯಿತು. ಆಗ ತಂಗಿಯ ಗುನುಗು ನೆನಪಾಯಿತು. ಹೊಲಿಯುವಾಗ ಕೆಂಚಿ ಸದಾ ಏನೋ ಗುನುಗುತ್ತಿದ್ದಳು. ‘ಬಾಯಿ ಮುಚ್ಚಿಕೊಂಡು ಹೊಲಿ’ ಎನ್ನುತ್ತಿದ್ದವಳು ತಾನೇ.

ಸಾತವ್ವ ಒಡೆದ ದನಿಯಲ್ಲಿ ಗುನುಗಿದಳು. ಕಾಲು ನಿಧಾನವಾಯಿತು. ಬಿಗಿದ ಹೆಗಲು ಸಡಿಲಿತು. ಕಾಲಿನ ಲಯಕ್ಕೆ ಕೈ ಕೂಡಿಕೊಂಡಿತು. ಸೂಜಿಯನ್ನು ನೋಡುವುದು ಬಿಟ್ಟು, ಬಳ್ಳಿ ಮುಂದೆ ಹೋಗಬೇಕಾದ ಜಾಗವನ್ನು ನೋಡುತ್ತ ಹೋದಳು. ದಾರ ಬಾಗಿತು, ಬಳುಕಿತು, ಒಂದು ಕಡೆಯೂ ನೆಟ್ಟಗಾಗದೆ ಕೌದಿಯ ತುಂಬ ಹಬ್ಬಿತು.

ತೋಳ ಬಂತು. ಮೂಸಿತು, ನಡೆಯಿತು, ತಿರುಗಿತು, ಮತ್ತೆ ತಿರುಗಿತು. ಬಂದ ದಾರಿಯೂ ಸಿಗದೆ, ಹೋಗುವ ದಾರಿಯೂ ಸಿಗದೆ ಕುಂಯ್‌ಗುಟ್ಟುತ್ತ ಆವಿಯಾಗಿ ಹೋಯಿತು. ಅತ್ತ ಗವಿಯಲ್ಲಿ ಶೀತಕೇತು ಊದಿದ. ಮುದುಕನ ಬಿಸಿಯುಸಿರು ಬಂತು, ಅಷ್ಟೇ. ಅವನ ಮಾಯೆ ಮುಗಿದಿತ್ತು. ಊರಲ್ಲಿ ಮಂಜಾಗಿ ಮಲಗಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಕೂತರು.

ಕೆಂಚಿಯೂ ಕಣ್ಣು ಬಿಟ್ಟಳು. ಸಾತವ್ವ ಅವಳ ಕೈ ಹಿಡಿದುಕೊಂಡಳು.

“ನಿನ್ನ ಕೌದಿ ಬಿಚ್ಚಿಹಾಕಿದೆನಲ್ಲ ತಾಯಿ, ನನ್ನನ್ನು ಕ್ಷಮಿಸು.”

“ಯಾವ ಕೌದಿ ಅಕ್ಕಾ?”

ಶೀತ ಅವಳ ನೆನಪಿನಿಂದ ಆ ದಿನವನ್ನೇ ಒಯ್ದಿತ್ತು. ಸಾತವ್ವ ಸುಮ್ಮನಿದ್ದುಬಿಡಬಹುದಿತ್ತು. ಇರಲಿಲ್ಲ. ನಡೆದದ್ದನ್ನು ಒಂದೂ ಬಿಡದೆ ಹೇಳಿದಳು.

ಕೆಂಚಿ ಎಲ್ಲ ಕೇಳಿ, “ನಾನು ಹೊಲಿದದ್ದು ಚೆನ್ನಾಗಿತ್ತಾ?” ಎಂದಳು.

“ತುಂಬ ಚೆನ್ನಾಗಿತ್ತು. ಇದಕ್ಕಿಂತ ಎಷ್ಟೋ ಚೆನ್ನಾಗಿತ್ತು.”

“ಆಗಲೇ ಅನ್ನಬಹುದಿತ್ತಲ್ಲ ಅಕ್ಕಾ.”

ಎಳ್ಳುಗಿರಿಯ ಜನ ಅಂದಿನಿಂದ ಬಳ್ಳಿ ಹೊಲಿಗೆ ಕಲಿತರು, ಬೆಚ್ಚಗೆ ಮಲಗಿದರು, ಸುಖವಾಗಿದ್ದರು. ಅಕ್ಕತಂಗಿಯರೂ ಸುಖವಾಗಿಯೇ ಇದ್ದರು. ಆದರೆ ತಂಗಿಯ ಆ ಒಂದು ಮಾತನ್ನು ಮಾತ್ರ ಸಾತವ್ವ ಕೊನೆಯವರೆಗೂ ಮರೆಯಲಿಲ್ಲ.